ಅವಳಿಗೆ 15 ದಿನದ ತರಬೇತಿ, ಮನೆಯವರಿಗೆ?

ನಮ್ಮ ಅರಿಶಿನಕುಂಟೆ ಬಸ್ ಸ್ಟಾಪಿನ ಹತ್ತಿರದ ಲೈಟು ಕಂಬಕ್ಕೆ ಯಾರೋ ಒಂದು ಹಳದಿ ಚೀಟಿ ಅಂಟಿಸಿ ಹೋಗಿದ್ದಾರೆ. "ಹೋಂ ನರ್ಸಿಂಗ್ ಮತ್ತು ಬೇಬಿ ಕೇರ್ ತರಬೇತಿ. ಕೇವಲ 15 ದಿನ. ಸರ್ಟಿಫಿಕೇಟ್ ಕೊಡಲಾಗುವುದು. ಊಟ ವಸತಿ ಇದೆ. ವಿದೇಶದಲ್ಲೂ ಕೆಲಸ." ಕೆಳಗೆ ಎರಡು ಮೊಬೈಲ್ ನಂಬರು. ಮೇಲೊಂದು ಮೂಲವ್ಯಾಧಿಯ ಚೀಟಿ, ಪಕ್ಕದಲ್ಲಿ "ಸೈಟು ಮಾರಾಟಕ್ಕಿದೆ" ಚೀಟಿ. ನಮ್ಮೂರಿನ ಈಗಿನ ಚರಿತ್ರೆಯೆಲ್ಲ ಆ ಒಂದು ಕಂಬದ ಮೇಲೇ ಇದೆ ನೋಡಿ :)

ಈ ವಿಷಯದ ಬಗ್ಗೆ ಬರೀಬೇಕು ಅಂತ ತುಂಬಾ ದಿನದಿಂದ ಅಂದುಕೊಳ್ತಾ ಇದ್ದೆ. ಆ ಚೀಟಿ ನೋಡಿದ ಮೇಲೆ ಇನ್ನು ಮುಂದಕ್ಕೆ ಹಾಕೋದು ಬೇಡ ಅನ್ನಿಸಿತು. ಸ್ವಲ್ಪ ಉದ್ದ ಆಗಬಹುದು, ಕಾಫಿ ಇಟ್ಟುಕೊಂಡೇ ಕೂತ್ಕೊಳ್ಳಿ.

ನಮ್ಮೂರು ಗೊತ್ತಿಲ್ಲದವರಿಗೆ ಒಂದೆರಡು ಮಾತು. ತುಮಕೂರು ರಸ್ತೆಯಲ್ಲಿ ಬೆಂಗಳೂರು ದಾಟಿ ಬಂದರೆ ನೆಲಮಂಗಲ. ಅಲ್ಲಿಂದ ಒಂದು ದಾರಿ ಹಾಸನದ ಕಡೆಗೆ, ಇನ್ನೊಂದು ತುಮಕೂರಿನ ಕಡೆಗೆ. ಅದರ ಮಗ್ಗುಲಲ್ಲೇ ನಾವು. ನಾನು ಮದುವೆಯಾಗಿ ಬಂದಾಗ ನಮ್ಮ ಮನೆ ಹಿಂದೆ ರಾಗಿ ಹೊಲ ಇತ್ತು, ಈಗ ಮೂರು ಬಡಾವಣೆ ಇವೆ. ಕೆಲಸದಲ್ಲಿದ್ದಾಗ ಸೈಟು ತಗೊಂಡು, ರಿಟೈರಾದ ಮೇಲೆ ಮನೆ ಕಟ್ಟಿಸಿಕೊಂಡು ಬಂದವರೇ ಜಾಸ್ತಿ. ಮಕ್ಕಳು ವೈಟ್‌ಫೀಲ್ಡಿನಲ್ಲೋ ಅಮೆರಿಕದಲ್ಲೋ ಇರ್ತಾರೆ. ಮನೇಲಿ ಎಪ್ಪತ್ತು ದಾಟಿದ ಇಬ್ಬರೇ, ಕೆಲವು ಕಡೆ ಒಬ್ಬರೇ. 2024ರ ನವೆಂಬರಿನಲ್ಲಿ ಮೆಟ್ರೋ ಮಾದಾವರದ ತನಕ ಬಂತಲ್ಲ, ಆಮೇಲಂತೂ ಬೆಳಗ್ಗೆ ಹೊತ್ತು ನಮ್ಮ ರಸ್ತೇಲಿ ಎರಡು ಪ್ರವಾಹ. ನಮ್ಮ ಬೀದಿಯ ಹೆಂಗಸರು ಮನೆಗೆಲಸಕ್ಕೆ ಯಶವಂತಪುರ, ಮಲ್ಲೇಶ್ವರದ ಕಡೆ ಹೊರಡ್ತಾರೆ. ಪೀಣ್ಯ, ದಾಬಸ್‌ಪೇಟೆ ಫ್ಯಾಕ್ಟರಿಗಳಿಗೆ ಗಂಡ ಬಂದದ್ದರಿಂದ ಜೊತೆಗೆ ಬಂದ ರಾಯಚೂರು, ಯಾದಗಿರಿ, ಒಡಿಶಾ, ಅಸ್ಸಾಮಿನ ಹೆಂಗಸರು ನಮ್ಮ ಮನೆಗಳ ಒಳಗೆ ಬರ್ತಾರೆ. ನಮ್ಮವರು ಇನ್ನೊಬ್ಬರ ಮನೆಗೆ, ಇನ್ನೊಬ್ಬರು ನಮ್ಮ ಮನೆಗೆ!

"ಕಸ ಗುಡಿಸೋಕೂ ಕೋರ್ಸೇನ್ರೀ?" ಅಂತ ನಮ್ಮ ಪಕ್ಕದ ಮನೆ ಅಂಕಲ್ ನಕ್ಕರು. ನಗೋ ವಿಷಯ ಅಲ್ಲ ಅಂಕಲ್, ನಿಜವಾಗ್ಲೂ ಇದೆ. ಕೇಂದ್ರ ಸರ್ಕಾರದ ಕೌಶಲ ಯೋಜನೆಗಳ ಕೆಳಗೆ ಪ್ರತಿಯೊಂದು ವೃತ್ತಿಗೂ ಒಂದೊಂದು ಕೌಶಲ ಮಂಡಳಿ ಇದೆ. ಮನೆಗೆಲಸಕ್ಕೂ ಒಂದು ಮಾಡಿದರು. ಮೊದಲು ಅದರ ಹೆಸರಿನಲ್ಲಿ "ಡೊಮೆಸ್ಟಿಕ್ ವರ್ಕರ್ಸ್" ಅಂತ ಇತ್ತು, ಆಮೇಲೆ "ಹೋಂ ಮ್ಯಾನೇಜ್‌ಮೆಂಟ್ ಅಂಡ್ ಕೇರ್ ಗಿವರ್ಸ್" ಅಂತಾಯ್ತು. ವರ್ಕರ್ ಅನ್ನೋ ಶಬ್ದ ಹೋಗಿ ಮ್ಯಾನೇಜ್‌ಮೆಂಟ್ ಬಂತು. ಹೆಸರು ಬದಲಾದ ಹಾಗೆ ಸಂಬಳವೂ ಬದಲಾಗಿದ್ದರೆ ಎಷ್ಟು ಚೆನ್ನಾಗಿರ್ತಿತ್ತು... ಇರಲಿ. ಅವರ ಪಟ್ಟಿಯಲ್ಲಿ ಜನರಲ್ ಹೌಸ್‌ಕೀಪರ್, ಹೌಸ್‌ಕೀಪರ್ ಕಂ ಕುಕ್, ಮಕ್ಕಳನ್ನು ನೋಡಿಕೊಳ್ಳುವವರು, ವಯಸ್ಸಾದವರನ್ನು ನೋಡಿಕೊಳ್ಳುವವರು ಅಂತ ಬೇರೆ ಬೇರೆ ಕೋರ್ಸುಗಳಿವೆ. ಕೊನೆಯ ಎರಡರ ಮುಂದೆ ಕಂಸದಲ್ಲಿ "ನಾನ್ ಕ್ಲಿನಿಕಲ್" ಅಂತ ಹಾಕಿರ್ತಾರೆ. ಅಂದ್ರೆ ವೈದ್ಯಕೀಯಕ್ಕೆ ಸಂಬಂಧಪಟ್ಟ ಕೆಲಸ ಇವರದಲ್ಲ.

ಆ ಎರಡು ಶಬ್ದ ಸರ್ಕಾರದ ಕಾಗದದಲ್ಲಷ್ಟೇ ಇದೆ. ನಮ್ಮ ಮನೆಗಳಲ್ಲಿ ಇಲ್ಲ. ಸಮವಸ್ತ್ರ ಹಾಕಿಕೊಂಡು ಬಂದ ಹುಡುಗಿಯನ್ನು ನಾವು "ನರ್ಸ್ ಬಂದ್ರು" ಅಂತೀವಿ. ಇನ್ಸುಲಿನ್ ಚುಚ್ಚು ಅಂತೀವಿ, ಮೂಗಿನ ನಳಿಗೆಯಲ್ಲಿ ಗಂಜಿ ಬಿಡು ಅಂತೀವಿ, ಕ್ಯಾತಿಟರ್ ನೋಡು ಅಂತೀವಿ. ಎ.ಎನ್.ಎಂ ಆಗೋಕೇ 2 ವರ್ಷ ಓದಬೇಕು. ಈ ಹುಡುಗಿ ಕಲಿತದ್ದು 15 ದಿನ. ಏನಾದ್ರೂ ಹೆಚ್ಚು ಕಡಿಮೆ ಆದರೆ ತಪ್ಪು ಯಾರ ತಲೆ ಮೇಲೆ ಬರುತ್ತೆ ಅಂತ ಹೇಳಬೇಕಾಗಿಲ್ಲ ಅಲ್ವಾ?

ಇದು ಬರೀ ಓದಿ ಬರೀತಿರೋದಲ್ಲ. ಮೂರು ವರ್ಷದ ಹಿಂದೆ ನಮ್ಮತ್ತೆಗೆ ಎಡಭಾಗಕ್ಕೆ ಲಕ್ವ ಹೊಡೀತು. ಆಸ್ಪತ್ರೆಯಿಂದ ಮನೆಗೆ ಕರಕೊಂಡು ಬಂದ ಮೇಲೆ ಒಂದು ಏಜೆನ್ಸಿಯಿಂದ ಹುಡುಗಿಯನ್ನು ಕಳಿಸಿದರು. ರಾಯಚೂರು ಜಿಲ್ಲೆಯ ಕಡೆಯವಳು, ವಯಸ್ಸು ಇಪ್ಪತ್ತೆರಡೋ ಇಪ್ಪತ್ಮೂರೋ. (ಹೆಸರು ಬೇಡ, ಏಜೆನ್ಸಿ ಹೆಸರೂ ಬೇಡ.) ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದ ಸರ್ಟಿಫಿಕೇಟು ತೆಗೆದು ತೋರಿಸಿದಳು. ಅದರ ಮೇಲೆ ಚಿನ್ನದ ಬಣ್ಣದ ಸೀಲು ಬೇರೆ. ರಾತ್ರಿ ಅತ್ತೆಯನ್ನು ಮಗ್ಗುಲಿಗೆ ಹೊರಳಿಸಬೇಕಾಗಿ ಬಂದಾಗ ಮಂಚದ ಪಕ್ಕ ಸುಮ್ಮನೆ ನಿಂತುಬಿಟ್ಟಳು.

"ಅಕ್ಕಾರ, ಇವ್ರನ್ನ ಹೆಂಗ ಹೊಳ್ಳಿಸಬೇಕ್ರಿ? ಅಲ್ಲಿ ಗೊಂಬಿಗೆ ಮಾಡಿ ತೋರಿಸಿದ್ರು. ಗೊಂಬಿ ನೋವಂತ ಅಳಂಗಿಲ್ಲಲ್ರಿ."

ನನಗೆ ಏನು ಹೇಳಬೇಕೋ ಗೊತ್ತಾಗಲಿಲ್ಲ. ನನಗೂ ಬರ್ತಿರಲಿಲ್ಲವಲ್ಲ! ಇಬ್ಬರೂ ಸೇರಿ ಹೇಗೋ ಮಾಡಿದೆವು. ಎರಡು ದಿನ ಬಿಟ್ಟು ಫಿಸಿಯೋಥೆರಪಿ ಮಾಡುವವರು ಬಂದು ಸರಿಯಾಗಿ ತೋರಿಸಿಕೊಟ್ಟರು. ತೋಳು ಹಿಡಿದು ಎಳೀಬಾರದು, ಬಲ ಇಲ್ಲದ ಕಡೆ ಭುಜ ಜಾರಿಬಿಡುತ್ತೆ. ಕೆಳಗೆ ಅಡ್ಡಕ್ಕೆ ಒಂದು ಬೆಡ್‌ಶೀಟ್ ಹಾಸಿ ಅದನ್ನು ಹಿಡಿದು ಹೊರಳಿಸಬೇಕು. 2 ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು, ಮಂಡಿಗಳ ನಡುವೆ ದಿಂಬು ಇಡಬೇಕು, ಹಿಮ್ಮಡಿ ಹಾಸಿಗೆಗೆ ಒತ್ತದ ಹಾಗೆ ನೋಡ್ಕೋಬೇಕು. ರವಿಕೆ ಹಾಕುವಾಗ ಬಲ ಇಲ್ಲದ ಕೈ ಮೊದಲು, ಬಿಚ್ಚುವಾಗ ಅದೇ ಕೈ ಕೊನೆಗೆ. ಮಲಗಿಸಿಕೊಂಡು ಊಟ ಕೊಡಲೇಬಾರದು, ಅನ್ನ ಶ್ವಾಸನಾಳಕ್ಕೆ ಹೋದರೆ ನ್ಯುಮೋನಿಯ ಆಗುತ್ತೆ. ಊಟ ಆದ ಮೇಲೂ ಅರ್ಧ ಗಂಟೆ ಒರಗಿಸಿ ಕೂರಿಸಬೇಕು. ಎತ್ತುವವರು ಸೊಂಟ ಬಗ್ಗಿಸಬಾರದು, ಮಂಡಿ ಬಗ್ಗಿಸಬೇಕು. ಇಷ್ಟೆಲ್ಲ ಹೇಳಿಕೊಡೋಕೆ ಅವರಿಗೆ ಹಿಡಿದದ್ದು ಅರ್ಧ ಗಂಟೆ. ಎರಡು ವಾರದಲ್ಲಿ ಆ ಹುಡುಗಿ ನನಗಿಂತ ಚೆನ್ನಾಗಿ ಮಾಡ್ತಾ ಇದ್ದಳು. ಅತ್ತೆಗೆ ಒಂದೇ ಒಂದು ಹಾಸಿಗೆ ಹುಣ್ಣು ಆಗಲಿಲ್ಲ. ಅದಕ್ಕೆ ಕಾರಣ ಅವಳು, ಆ ಚಿನ್ನದ ಸೀಲಲ್ಲ.

ಹಾಗಾದ್ರೆ ಆ 15 ದಿನ ಅಲ್ಲಿ ಏನು ಹೇಳಿಕೊಟ್ಟರು? ಒಂದು ದಿನ ಅವರೆಕಾಯಿ ಬಿಡಿಸ್ತಾ ಕೂತಿದ್ದಾಗ ಕೇಳಿದೆ. ಒಂದು ಹಾಲಿನಲ್ಲಿ ನಲವತ್ತು ಹುಡುಗಿಯರು, ಒಂದು ಗೊಂಬೆ. "ಗುಡ್ ಮಾರ್ನಿಂಗ್ ಸರ್" ಅನ್ನೋದು, ತಲೆ ಬಿಗಿಯಾಗಿ ಕಟ್ಟಿಕೊಳ್ಳೋದು, ಮನೆಯವರ ಎದುರಿಗೆ ಮೊಬೈಲ್ ಹಿಡಿಯಬಾರದು, ಮೂರು ತಿಂಗಳ ತನಕ ರಜ ಕೇಳಬಾರದು, ಸಂಬಳ ಎಷ್ಟು ಅಂತ ಯಾರಿಗೂ ಹೇಳಬಾರದು. ಕೊನೇದು ಬಹಳ ಮುಖ್ಯ ಅಂತ ಮೂರು ಸಲ ಹೇಳಿದ್ದರಂತೆ. ಯಾಕೆ ಅಂತ ಆಮೇಲೆ ಗೊತ್ತಾಯ್ತು. ತರಬೇತಿ ಫೀಸು, ಸಮವಸ್ತ್ರ, ಹಾಸ್ಟೆಲ್ಲು ಅಂತ ಮೊದಲ ಎರಡು ತಿಂಗಳ ಸಂಬಳದಲ್ಲಿ ಅರ್ಧಕ್ಕರ್ಧ ಮುರ್ಕೊಂಡಿದ್ದರು. ನಾವು ಏಜೆನ್ಸಿಗೆ ಕೊಡ್ತಿದ್ದದ್ದಕ್ಕೂ ಅವಳ ಕೈಗೆ ಬರ್ತಿದ್ದದ್ದಕ್ಕೂ ಇದ್ದ ಅಂತರ ಬೇರೆ. ನಾನು ಫೋನ್ ಮಾಡಿ ಕೇಳಿದ್ದಕ್ಕೆ "ಅದು ನಮಗೂ ಅವರಿಗೂ ಇರೋ ವಿಷಯ ಮೇಡಂ" ಅಂದರು. ಆಮೇಲೆ ಅವಳು ಏಜೆನ್ಸಿ ಬಿಟ್ಟಳು, ನಮ್ಮಲ್ಲೇ ಇದ್ದಳು, ಅತ್ತೆ ಹೋಗುವ ತನಕ.

ನನ್ನ ತಕರಾರು ಇಲ್ಲಿಂದಲೇ ಶುರು. ತರಬೇತಿ ಬೇಡ ಅನ್ನೋಳಲ್ಲ ನಾನು. ಬೇಕೇ ಬೇಕು. ಆದರೆ ಈಗ ನಡೀತಿರೋ ಬಹಳಷ್ಟು ಕೋರ್ಸುಗಳು ಮನೆಯವರಿಗೆ ತೊಂದರೆ ಆಗದ ಹಾಗೆ ಇರೋದು ಹೇಗೆ ಅಂತ ಕಲಿಸ್ತಾವೆ. ರೋಗಿಗೆ ಬೇಕಾದ ವಿದ್ಯೆ ಅರ್ಧಂಬರ್ಧ. ಕೆಲಸ ಮಾಡುವವಳಿಗೆ ಬೇಕಾದ ವಿಷಯವಂತೂ ಸೊನ್ನೆ.

ಅವಳಿಗೆ ಬೇಕಾದ ವಿಷಯ ಏನು ಅಂತೀರಾ? ನಮ್ಮ ಕರ್ನಾಟಕದಲ್ಲಿ ಮನೆಗೆಲಸಕ್ಕೆ ಕನಿಷ್ಠ ಕೂಲಿ ಅಂತ 2004ರಲ್ಲೇ ಸರ್ಕಾರ ಅಧಿಸೂಚನೆ ಹೊರಡಿಸಿದೆ. ಇಡೀ ದೇಶದಲ್ಲಿ ಮೊದಲ ಸಾಲಿನಲ್ಲಿ ಹೀಗೆ ಮಾಡಿದ ರಾಜ್ಯ ನಮ್ಮದು. ಅದು ಸುಮ್ಮನೆ ಬರಲಿಲ್ಲ. ರೂತ್ ಮನೋರಮಾ ಅವರಂಥವರು, ಬೆಂಗಳೂರು ಗೃಹಕಾರ್ಮಿಕರ ಸಂಘದಂಥ ಸಂಘಟನೆಗಳು ಎಂಬತ್ತರ ದಶಕದಿಂದ ಬೀದಿಯಲ್ಲಿ ಕೂಗಿದ ಫಲ. ಇಷ್ಟು ವರ್ಷ ಆದಮೇಲೂ ನಮ್ಮ ಬೀದಿಯಲ್ಲಿ ಇದನ್ನು ಕೇಳಿ ತಿಳಿದ ಒಬ್ಬ ಕೆಲಸದವಳೂ ನನಗೆ ಸಿಕ್ಕಿಲ್ಲ, ಮನೆಯೊಡತಿಯಂತೂ ಇಲ್ಲವೇ ಇಲ್ಲ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಆಫೀಸಿನವರಿಗೆ ಮಾತ್ರ ಅಂದುಕೊಂಡಿದ್ದೀರಾ? ಮನೆಗೆಲಸದವರೂ ಅದರಲ್ಲಿ ಬರ್ತಾರೆ, ಅವರ ದೂರು ತಗೊಳ್ಳೋಕೆ ಜಿಲ್ಲೆಗೊಂದು ಸ್ಥಳೀಯ ಸಮಿತಿ ಇರಬೇಕು. ಮುಚ್ಚಿದ ಬಾಗಿಲ ಹಿಂದೆ ಒಬ್ಬಳೇ ಕೆಲಸ ಮಾಡೋಳಿಗೆ ಇದಕ್ಕಿಂತ ಬೇಕಾದ ಪಾಠ ಯಾವುದಿದೆ? ಗುಡ್ ಮಾರ್ನಿಂಗ್ ಒಂದು ದಿನ ತಡವಾಗಿ ಕಲಿತರೂ ನಡೆಯುತ್ತೆ.

ಈಗ ವಿದೇಶದ ವಿಷಯಕ್ಕೆ ಬರ್ತೀನಿ. ಆ ಹಳದಿ ಚೀಟಿಯಲ್ಲಿ ಅದೂ ಇತ್ತಲ್ಲ.

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಇ.ಸಿ.ಆರ್ ಅಂತ ಇರುತ್ತೆ. ಅಂಥವರು ಕೊಲ್ಲಿ ದೇಶಗಳೂ ಸೇರಿದ ಪಟ್ಟಿಯಲ್ಲಿರುವ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸರ್ಕಾರದ ಅನುಮತಿ ಬೇಕು. ಈ ಪಾಸ್‌ಪೋರ್ಟಿನ ಹೆಂಗಸರು ಮನೆಗೆಲಸಕ್ಕೆ ಅಲ್ಲಿಗೆ ಹೋಗೋದಾದರೆ ವಯಸ್ಸು 30 ಆಗಿರಬೇಕು. 2016ರಿಂದ ಇವರ ನೇಮಕಾತಿ ಸರ್ಕಾರಿ ಸಂಸ್ಥೆಗಳ ಮೂಲಕವೇ ಆಗಬೇಕು ಅಂತಲೂ ನಿಯಮ ಬಂತು. ಕೇರಳದ ನೋರ್ಕಾ ರೂಟ್ಸ್, ಒಡೆಪೆಕ್ ಇಂಥ ಸಂಸ್ಥೆಗಳು. ಖಾಸಗಿ ಏಜೆಂಟನಾದರೂ ಸರಿ, ಲೈಸೆನ್ಸ್ ಇದ್ದವನು ವಿದೇಶಕ್ಕೆ ಹೋಗುವವರಿಂದ ತಗೊಳ್ಳಬಹುದಾದ ಶುಲ್ಕಕ್ಕೆ 30,000 ರೂಪಾಯಿ ಮಿತಿ ಇದೆ, ಮೇಲೆ ತೆರಿಗೆ. ಹೀಗಿದ್ದೂ ಕಂಬದ ಮೇಲಿನ ಚೀಟಿ "ವಿದೇಶದಲ್ಲೂ ಕೆಲಸ" ಅನ್ನುತ್ತೆ. ಹೇಗೆ? ಟೂರಿಸ್ಟ್ ವೀಸಾ ಮೇಲೆ. ವಿಮಾನ ಹತ್ತಿದ ಮೇಲೆ ನೀವು ಲೆಕ್ಕದಲ್ಲೇ ಇಲ್ಲ.

ಉಡುಪಿ ಜಿಲ್ಲೆಯ ಒಬ್ಬ ವಿಧವೆಯ ಕಥೆ ಪೇಪರಿನಲ್ಲಿ ಓದಿದ್ದು ನಿಮಗೂ ನೆನಪಿರಬಹುದು. 2016ರಲ್ಲಿ ಕತಾರಿನಲ್ಲಿ ಕೆಲಸ ಅಂತ ಹೇಳಿ ಆಕೆಯನ್ನು ಏಜೆಂಟ್ ತಲುಪಿಸಿದ್ದು ಸೌದಿಯ ಯಾನ್ಬುಗೆ. ಒಂದು ದೊಡ್ಡ ಕುಟುಂಬದ ಮನೆಗೆಲಸ, ಹೊರಗೆ ಬರೋ ಹಾಗಿಲ್ಲ, ಬಿಡಬೇಕಾದರೆ ಹಣ ಕಟ್ಟಿ ಅಂತ ಮಾಲೀಕ. ಉಡುಪಿಯ ಮಾನವ ಹಕ್ಕುಗಳ ಸಂರಕ್ಷಣಾ ಪ್ರತಿಷ್ಠಾನದ ಡಾ. ರವೀಂದ್ರನಾಥ ಶಾನುಭಾಗರು ಪಟ್ಟು ಹಿಡಿದು ಓಡಾಡಿದ್ದರಿಂದ 2017ರ ಸೆಪ್ಟೆಂಬರಿನಲ್ಲಿ ಆಕೆ ವಾಪಸ್ ಬಂದರು. ಒಂದು ವರ್ಷಕ್ಕೂ ಮೇಲೆ! ಆಕೆಗೆ ಅಡುಗೆ ಬರ್ತಿತ್ತು, ಕೆಲಸ ಬರ್ತಿತ್ತು. ಕೌಶಲ ಕಮ್ಮಿ ಆಗಿ ಆದ ಕಷ್ಟ ಅಲ್ಲ ಅದು. ವೀಸಾದಲ್ಲಿ ಯಾವ ದೇಶ, ಯಾವ ಕೆಲಸ ಅಂತ ಬರೆದಿದೆ, ಅದನ್ನು ಓದೋದು ಹೇಗೆ, ರಾಯಭಾರ ಕಚೇರಿಗೆ ಫೋನ್ ಮಾಡೋದು ಹೇಗೆ... ಇದನ್ನು ಯಾವ ಕೋರ್ಸಿನವರು ಹೇಳಿಕೊಡ್ತಾರೆ?

ಹೇಳಿಕೊಡ್ತಾರೆ, ಒಂದೇ ಒಂದು ಕಡೆ. 2018ರಿಂದ ವಿದೇಶಾಂಗ ಸಚಿವಾಲಯ ಹೊರಡುವ ಮುಂಚಿನ ತರಬೇತಿ ಅಂತ ಒಂದು ದಿನದ ಕಾರ್ಯಕ್ರಮ ನಡೆಸ್ತಾ ಇದೆ. ಆ ದೇಶದ ಕಾನೂನು, ಕಾಂಟ್ರಾಕ್ಟು, ಪ್ರವಾಸಿ ಭಾರತೀಯ ಬಿಮಾ ಯೋಜನೆ, ದೂರು ಕೊಡೋಕೆ ಮದದ್ ಅನ್ನೋ ವ್ಯವಸ್ಥೆ, ಎಲ್ಲ ಹೇಳ್ತಾರೆ. ಆ ವಿಮೆ 2 ವರ್ಷಕ್ಕೆ 275 ರೂಪಾಯಿ ಕಟ್ಟಿದರೆ 10 ಲಕ್ಷದ್ದು. ಒಂದೇ ದಿನ ಸಾಲದು, ನಿಜ. ಆದರೆ ಪಠ್ಯ ಸರಿಯಾಗಿದೆ. ಪಾತ್ರೆ ತೊಳೆಯೋದು ಹೇಗೆ ಅಂತ ಅಲ್ಲಿ ಹೇಳೋಲ್ಲ, ಮೋಸ ಹೋಗದೆ ಇರೋದು ಹೇಗೆ ಅಂತ ಹೇಳ್ತಾರೆ. ಸರಿಯಾದ ದಾರಿಯಲ್ಲಿ ಹೋಗುವವರಿಗೆ ಮಾತ್ರ ಅದು ಸಿಗುತ್ತೆ ಅನ್ನೋದೇ ದುಃಖ. ಟೂರಿಸ್ಟ್ ವೀಸಾದಲ್ಲಿ ಹೋಗೋಳಿಗೆ ಯಾರು ಹೇಳ್ತಾರೆ?

ನನ್ನ ಪ್ರಶ್ನೆ ಇದಕ್ಕಿಂತ ಹತ್ತಿರದ್ದು. ಕುವೈತಿಗೆ ಹೋಗೋಳಿಗೆ ಒಂದು ದಿನವಾದರೂ ಇದೆ. ರಾಯಚೂರಿನಿಂದ ರಾತ್ರಿ ಬಸ್ಸು ಹತ್ತಿ ಅರಿಶಿನಕುಂಟೆಗೆ ಬರೋಳಿಗೆ? ಭುವನೇಶ್ವರದಿಂದ ರೈಲು ಹತ್ತಿ ಬರೋಳಿಗೆ? ಅವಳಿಗೂ ಇದು ಪರದೇಶವೇ. ಊಟ ಬೇರೆ, ಮಾತು ಬೇರೆ, ಗೊತ್ತಿರೋರು ಯಾರೂ ಇಲ್ಲ. ಅಂತರರಾಜ್ಯ ವಲಸೆ ಕಾರ್ಮಿಕರಿಗೆ ಅಂತ 1979ರಲ್ಲೇ ಕಾಯ್ದೆ ಬಂತು, ಅದು ಗುತ್ತಿಗೆದಾರ ಐದಾರು ಜನರನ್ನು ಕಟ್ಟಿಕೊಂಡು ಬಂದ ಕೆಲಸದ ಜಾಗಗಳನ್ನು ನೋಡಿ ಮಾಡಿದ್ದು. ಒಂದು ಮನೆಗೆ ಒಬ್ಬಳೇ ಬಂದರೆ ಯಾವ ಲೆಕ್ಕಕ್ಕೂ ಇಲ್ಲ. ರಾಜ್ಯದ ಒಳಗೇ ಬಂದ ರಾಯಚೂರಿನ ಹುಡುಗಿಯಂತೂ ವಲಸೆಗಾರಳೇ ಅಲ್ಲ, ಕಾಗದದ ಪ್ರಕಾರ.

ಬೇರೆ ದೇಶದವರು ಹೇಗೆ ಮಾಡ್ತಾರೆ ಅಂತ ಸ್ವಲ್ಪ ಓದಿದೆ. ಫಿಲಿಪ್ಪೀನ್ಸ್ ಈ ವಿಷಯದಲ್ಲಿ ಎಲ್ಲರಿಗೂ ಮೇಷ್ಟ್ರು. 2006ರಲ್ಲಿ ಲೆಬನಾನ್ ಯುದ್ಧದ ಮಧ್ಯೆ ಸಾವಿರಾರು ಫಿಲಿಪಿನೋ ಕೆಲಸದ ಹೆಂಗಸರು ಸಿಕ್ಕಿಹಾಕಿಕೊಂಡು ವಾಪಸ್ ಬಂದರು. ಆಗ ಅಲ್ಲಿನ ಅಧ್ಯಕ್ಷೆ ಆರೋಯೊ "ಸೂಪರ್ ಮೇಯ್ಡ್" ಮಾಡ್ತೀವಿ ಅಂದರು. ಹೆಸರು ಕೇಳಿ ಅಲ್ಲಿಯವರೇ ಕೋಪ ಮಾಡಿಕೊಂಡರು ಬಿಡಿ. ಆದರೆ ಅದೇ ವರ್ಷದ ಕೊನೆಯಲ್ಲಿ ಬಂದ ನಿಯಮಗಳು ನೋಡಿ: ಮನೆಗೆಲಸಕ್ಕೆ 200 ಗಂಟೆಗೂ ಮೇಲಿನ ಕೋರ್ಸು ಮಾಡಿ ಪರೀಕ್ಷೆ ಪಾಸಾಗಬೇಕು, ಹೋಗುವ ದೇಶದ ಭಾಷೆ ಸ್ವಲ್ಪ ಕಲೀಬೇಕು, ತಿಂಗಳಿಗೆ 400 ಡಾಲರಿಗಿಂತ ಕಡಿಮೆ ಸಂಬಳಕ್ಕೆ ಕಳಿಸೋ ಹಾಗಿಲ್ಲ, ಕೆಲಸ ಕೊಡಿಸಿದ್ದಕ್ಕೆ ಅಂತ ಅವಳ ಹತ್ರ ಒಂದು ಪೈಸೆ ತಗೊಳ್ಳೋ ಹಾಗಿಲ್ಲ. ರೋಗಿಗಳ ಆರೈಕೆಯ ಕೋರ್ಸಂತೂ ಬಹಳ ವರ್ಷ 780 ಗಂಟೆಗೂ ಮೇಲಿತ್ತು. ಕಲಿಕೆ ಮತ್ತು ಸಂಬಳ ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಿದರು.

ಅಲ್ಲೂ ಎಲ್ಲ ಸರಿ ಹೋಯ್ತಾ? ಇಲ್ಲ. ಶುಲ್ಕ ತಗೋಬೇಡಿ ಅಂದಾಗ ಏಜೆನ್ಸಿಗಳು ಅದೇ ಹಣವನ್ನು "ತರಬೇತಿ ಫೀಸು" ಅಂತ ಹೆಸರು ಬದಲಿಸಿ ವಸೂಲಿ ಮಾಡಿದವು. ಓದಿದಾಗ ನನಗೆ ನಗು ಬಂತು, ಬೇಜಾರೂ ಆಯ್ತು. ಮನಿಲಾದಲ್ಲೂ ಅದೇ, ನೆಲಮಂಗಲದಲ್ಲೂ ಅದೇ.

ಇಸ್ರೇಲಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳೋಕೆ ಅಂತ ನಮ್ಮ ಮಂಗಳೂರು, ಉಡುಪಿ ಕಡೆಯವರು ಎಷ್ಟೋ ವರ್ಷದಿಂದ ಹೋಗ್ತಾ ಇದ್ದಾರೆ, ಕೇರಳದವರು ಇನ್ನೂ ಜಾಸ್ತಿ. ಅಲ್ಲಿ ವೀಸಾ ಸಾಮಾನ್ಯವಾಗಿ 63 ತಿಂಗಳಿಗೆ ಮುಗಿಯುತ್ತೆ, ನೋಡಿಕೊಳ್ಳುವ ಅಜ್ಜಿ ಅಜ್ಜ ಬದುಕಿದ್ದರೆ ಮುಂದುವರಿಸಬಹುದು. ಅಂದ್ರೆ ಇನ್ನೊಬ್ಬರ ಆಯುಸ್ಸಿಗೆ ಇವರ ವೀಸಾ ಗಂಟು ಹಾಕಿದ ಹಾಗೆ! 2021ರ ಮೇ ತಿಂಗಳಲ್ಲಿ ಅಶ್ಕೆಲೋನಿನಲ್ಲಿ ರಾಕೆಟ್ ಬಿದ್ದು ಇಡುಕ್ಕಿಯ ಒಬ್ಬ ತಾಯಿ ತೀರಿಕೊಂಡದ್ದು ಇಂಥದೇ ಕೆಲಸದ ಮನೆಯಲ್ಲಿ. ಜಪಾನಿನವರು ಬೇರೆ ಥರ. ಅಲ್ಲಿಗೆ ಆರೈಕೆ ಕೆಲಸಕ್ಕೆ ಹೋಗಬೇಕಾದರೆ ಮೊದಲು ಜಪಾನಿ ಭಾಷೆಯ ಪರೀಕ್ಷೆ ಪಾಸಾಗಬೇಕು. ಮಾತು ಬರದೆ ಮುದುಕರನ್ನು ನೋಡಿಕೊಳ್ಳೋಕೆ ಆಗಲ್ಲ ಅನ್ನೋದು ಅವರ ಲೆಕ್ಕ. ನಮ್ಮಲ್ಲಿ ಅಸ್ಸಾಮಿನ ಹುಡುಗಿ ಬಂದು ಕನ್ನಡ ಬಿಟ್ಟು ಇನ್ನೇನೂ ಬರದ ಅಜ್ಜಿಯ ಪಕ್ಕ ಕೂತಿರ್ತಾಳೆ. ಅಜ್ಜಿ "ಎದೆ ಹಿಡ್ಕೊಂಡ ಹಾಗಾಗ್ತಿದೆ" ಅಂದರೆ ಅವಳಿಗೆ ಹೇಗೆ ಅರ್ಥ ಆಗಬೇಕು? ನೂರು ಕನ್ನಡ ಶಬ್ದ. ನೋವು, ಉರಿ, ತಲೆಸುತ್ತು, ಉಸಿರು, ಬಾಯಾರಿಕೆ, ಮೂತ್ರ, ಎಡಗಡೆ, ಬಲಗಡೆ... ಇದನ್ನು ಕಲಿಸದ ಕೋರ್ಸು ಯಾವ ಸೀಮೆ ಕೋರ್ಸು ಸ್ವಾಮಿ?

ಈಗ ತಲೆಬರಹದಲ್ಲಿ ಕೇಳಿದ ಪ್ರಶ್ನೆ. ಕೆಲವರಿಗೆ ಸಿಟ್ಟು ಬರಬಹುದು, ಬರಲಿ.

ಮನೆಯವರಿಗೆ ತರಬೇತಿ ಬೇಡವೇ? 24 ಗಂಟೆ ಇರೋಳನ್ನು ಇಟ್ಟುಕೊಂಡ ಎಷ್ಟು ಮನೆಯಲ್ಲಿ ಅವಳು ಮಲಗೋ ಜಾಗ ಯಾವುದು ಅಂತ ಮೊದಲೇ ಯೋಚಿಸಿರ್ತಾರೆ? ರಾತ್ರಿ ಮೂರು ಸಲ ಎದ್ದವಳು ಬೆಳಗ್ಗೆ ಆರಕ್ಕೆ ಕಾಫಿ ಮಾಡಬೇಕು, ಹಗಲು ಹತ್ತು ನಿಮಿಷ ಕಣ್ಣು ಮುಚ್ಚಿದರೆ "ಯಾವಾಗ್ಲೂ ನಿದ್ದೆ" ಅಂತ ದೂರು. ನಿದ್ದೆ ಇಲ್ಲದವಳ ಕೈಯಲ್ಲಿ ನಿಮ್ಮ ಅಮ್ಮನ ಮಾತ್ರೆ ಡಬ್ಬಿ ಇದೆ ಅನ್ನೋದು ಯಾಕೆ ಹೊಳೆಯೋಲ್ಲ? ಅಪ್ಪನ ಮಲ ಮೂತ್ರ ಅವಳು ಬಳಿಯಬೇಕು, ಆದರೆ ಮನೆಯ ಕಕ್ಕಸು ಅವಳು ಬಳಸೋ ಹಾಗಿಲ್ಲ, ಹಿಂದಿನ ಶೆಡ್ಡಿಗೆ ಹೋಗಬೇಕು. ಅವಳಿಗೆ ಬೇರೆ ತಟ್ಟೆ, ಬೇರೆ ಲೋಟ, ಕಿಟಕಿ ಮೇಲೆ. ಬಂದ ದಿನವೇ "ಯಾವ ಜನ ನೀವು?" ಅನ್ನೋ ಪ್ರಶ್ನೆ, ಅದೂ ಸುತ್ತಿ ಬಳಸಿ: "ನಿಮ್ಮನೇಲಿ ಏನು ತಿಂತೀರಾ?" ಹೀಗೆ ಕೇಳೋರು ಹಳೇ ಕಾಲದವರು ಮಾತ್ರ ಅಂದುಕೋಬೇಡಿ, ಇಂಗ್ಲಿಷಿನಲ್ಲಿ ಮಾತಾಡೋ ಮನೆಗಳಲ್ಲೂ ಕೇಳಿದ್ದೇನೆ. ಯಾವ ಕೋರ್ಸಾದರೂ ಇದಕ್ಕೆ ಹುಡುಗಿಯನ್ನು ತಯಾರು ಮಾಡುತ್ತಾ? ಮಾಡುತ್ತೆ, "ಎದುರು ಮಾತಾಡಬೇಡ" ಅಂತ.

ನನ್ನ ಪ್ರಕಾರ ಏಜೆನ್ಸಿಯವರು ಹುಡುಗಿಯನ್ನು ಕಳಿಸುವ ಮೊದಲು ಮನೆಯವರನ್ನು ಒಂದು ಗಂಟೆ ಕೂರಿಸಿಕೊಂಡು ಹೇಳಬೇಕು. ಈಕೆ ಏನು ಮಾಡ್ತಾಳೆ, ಏನು ಮಾಡೋಲ್ಲ (ಇಂಜೆಕ್ಷನ್ ಕೊಡೋಲ್ಲ, ಮನೆ ಮಂದಿ ಬಟ್ಟೆಯೆಲ್ಲ ಒಗೆಯೋಲ್ಲ). ಎಷ್ಟು ಹೊತ್ತು ನಿದ್ದೆ, ವಾರಕ್ಕೆ ಯಾವ ದಿನ ರಜೆ, ಆ ದಿನ ರೋಗಿಯನ್ನು ನೋಡೋರು ಯಾರು. ಕೈಗೆ ಬರೋ ಸಂಬಳ ಎಷ್ಟು, ಏಜೆನ್ಸಿಗೆ ಹೋಗೋದು ಎಷ್ಟು. ಒಂದು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಹಾಕಿ ಇಬ್ಬರ ಹತ್ರವೂ ಒಂದೊಂದು ಪ್ರತಿ. ಮನೆಗೆಲಸದವರ ಬಗ್ಗೆ 2011ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮಾಡಿದ 189ನೇ ಒಡಂಬಡಿಕೆ ಕೇಳೋದೂ ಹೆಚ್ಚೂ ಕಡಿಮೆ ಇಷ್ಟನ್ನೇ. ಭಾರತ ಆಗ ಅದರ ಪರ ಕೈ ಎತ್ತಿತು, ಆದರೆ ಒಪ್ಪಿ ಸಹಿ ಮಾಡಿ ಜಾರಿಗೆ ತರಲಿಲ್ಲ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಮನೆಗೆಲಸದವರಿಗೆ ಒಂದು ಕಾನೂನು ಬೇಕೋ ಬೇಡವೋ ಸಮಿತಿ ಮಾಡಿ ನೋಡಿ ಅಂತ ಕೇಂದ್ರಕ್ಕೆ ಹೇಳಿತು. ಅದೇ ವರ್ಷ ನಮ್ಮ ರಾಜ್ಯದ ಕಾರ್ಮಿಕ ಇಲಾಖೆ ಒಂದು ಮಸೂದೆಯ ಕರಡು ಮಾಡಿತು, ಕೆಲಸ ಕೊಟ್ಟವರು ಸಂಬಳದ ಶೇ 5ರ ತನಕ ಕಲ್ಯಾಣ ನಿಧಿಗೆ ಕಟ್ಟಬೇಕು ಅಂತ. ಸುದ್ದಿ ಬಂದ ದಿನ ನಮ್ಮ ಬಡಾವಣೆಯ ವಾಟ್ಸಾಪ್ ಗುಂಪು ನೋಡಬೇಕಿತ್ತು ನೀವು! ಚರಂಡಿ ಕಟ್ಟಿಕೊಂಡಾಗಲೂ ಅಷ್ಟು ಮೆಸೇಜು ಬಂದಿರಲಿಲ್ಲ.

ಆ ಗುಂಪಿನಲ್ಲೇ ಒಬ್ಬರು ಬರೆದಿದ್ದರು, "ಇವರಿಗೆಲ್ಲ ಕಲಿಸಿದಷ್ಟೂ ಜಾಸ್ತಿ ಕೇಳ್ತಾರೆ." ಹೌದಲ್ಲ? ಅದಕ್ಕೇ ಅಲ್ವಾ ಕಲಿಯೋದು? ನಮ್ಮ ಮಕ್ಕಳು ಒಂದು ಸರ್ಟಿಫಿಕೇಟ್ ಕೋರ್ಸು ಮಾಡಿಕೊಂಡು ಸಂಬಳ ಜಾಸ್ತಿ ಕೇಳಿದರೆ ಜಾಣತನ, ಇವಳು ಕೇಳಿದರೆ ದುರಾಸೆ. 15 ದಿನದ ಸರ್ಟಿಫಿಕೇಟು ಇರೋಳಿಗೂ ಇಲ್ಲದೋಳಿಗೂ ನಮ್ಮೂರಲ್ಲಿ ಸಂಬಳ ಒಂದೇ. ಹಾಗಿರುವಾಗ ಹುಡುಗಿಯರು ಯಾಕೆ ದುಡ್ಡು ಕೊಟ್ಟು, ದಿನಗೂಲಿ ಬಿಟ್ಟು ಕಲೀಬೇಕು? ಕಲಿತ ಕೆಲಸಕ್ಕೆ ಬೆಲೆ ಇಲ್ಲದೆ ಹೋದರೆ ಆ ಕೋರ್ಸು ಏಜೆನ್ಸಿಯವರ ಹೊಟ್ಟೆಗೆ ಮಾತ್ರ.

ಕೆಲವರು ಹೇಳ್ತಾರೆ, ಇದೆಲ್ಲ ಸರ್ಕಾರದಿಂದ ಆಗೋ ಕೆಲಸ ಅಲ್ಲ ಅಂತ. ನನಗೆ ಹಾಗನ್ನಿಸೋಲ್ಲ. ನೆಲಮಂಗಲದಲ್ಲಿ ತಾಲ್ಲೂಕು ಆಸ್ಪತ್ರೆ ಇದೆ. ಅಲ್ಲಿ ನಿಜವಾದ ಮಂಚ ಇದೆ, ನಿಜವಾದ ರೋಗಿಗಳಿದ್ದಾರೆ, ಅನುಭವ ಇರೋ ಸಿಸ್ಟರ್‌ಗಳಿದ್ದಾರೆ. ಗೊಂಬೆ ಬೇಡ. ಭಾನುವಾರ ಭಾನುವಾರ ಅಲ್ಲೇ ಕಲಿಸಲಿ, ಒಬ್ಬ ರೋಗಿಯನ್ನು ಅವರ ಒಪ್ಪಿಗೆ ತಗೊಂಡು ಹೊರಳಿಸಿ, ಮೈ ಒರೆಸಿ, ಕೂರಿಸಿ ಊಟ ಮಾಡಿಸಿ ತೋರಿಸಿದ ಮೇಲೆ ಮಾತ್ರ ಸರ್ಟಿಫಿಕೇಟ್ ಕೊಡಲಿ. ಫೀಸು ಕೊಡಬೇಕಾದವರು ಕೆಲಸಕ್ಕೆ ಇಟ್ಟುಕೊಳ್ಳುವ ಮನೆಯವರು, ಹುಡುಗಿಯಲ್ಲ. ಇವತ್ತು ದುಡ್ಡಿದ್ದೂ ಒಳ್ಳೆ ಆರೈಕೆ ಸಿಗದೆ ಒದ್ದಾಡ್ತಿರೋದು ನಾವೇ. 2011ರ ಜನಗಣತಿಯಲ್ಲೇ ದೇಶದಲ್ಲಿ 60 ದಾಟಿದವರು 10 ಕೋಟಿಗೂ ಮೇಲಿದ್ದರು, ಅದರಲ್ಲಿ ನಮ್ಮ ಬಡಾವಣೆಯವರೇ ಅರ್ಧ ಅನ್ನೋ ಥರ ಇದೆ ನಮ್ಮ ಪಾರ್ಕು ಸಂಜೆ ಹೊತ್ತು :) ನಾಳೆ ಆ ಬೆಂಚಿನ ಮೇಲೆ ನಾನೂ ಇರ್ತೀನಿ, ನೀವೂ ಇರ್ತೀರಿ.

ನನ್ನ ಕೈಲಾದದ್ದು ಒಂದು ಮಾಡ್ತಾ ಇದ್ದೀನಿ. ಎರಡು ಪುಟದ ಕಾಗದ. ಮೊದಲನೇ ಪುಟದಲ್ಲಿ ಹೊರಳಿಸೋದು, ಊಟ ಮಾಡಿಸೋದು, ಸಕ್ಕರೆ ಕಮ್ಮಿಯಾದರೆ ಮೂರು ಚಮಚ ಸಕ್ಕರೆ ನೀರು ಕೊಡೋದು (ಪ್ರಜ್ಞೆ ಇದ್ದರೆ ಮಾತ್ರ), ಬಾಯಿ ಸೊಟ್ಟಗಾದರೆ ಕಾಯದೆ 108ಕ್ಕೆ ಫೋನ್ ಮಾಡೋದು. ಎರಡನೇ ಪುಟದಲ್ಲಿ ಅವಳದೇ ವಿಷಯ: ಕನಿಷ್ಠ ಕೂಲಿ, ರಜೆ, ದೂರು ಎಲ್ಲಿ ಕೊಡಬೇಕು, ಹೆಂಗಸರ ಸಹಾಯವಾಣಿ 181, ವಯಸ್ಸಾದವರದ್ದು 14567. ಪಕ್ಕದಲ್ಲಿ ಆ ನೂರು ಕನ್ನಡ ಶಬ್ದ. ಕನ್ನಡದಲ್ಲಿ ಬರೆದಾಗಿದೆ, ನಮ್ಮ ಬೀದಿಯ ಡಾಕ್ಟರೊಬ್ಬರು ಓದಿ ಎರಡು ಕಡೆ ತಿದ್ದಿ ಕೊಟ್ಟಿದ್ದಾರೆ. ಒಡಿಯಾ, ಅಸ್ಸಾಮಿ, ಬಂಗಾಳಿಗೆ ಮಾಡಬೇಕು. ನಿಮ್ಮಲ್ಲಿ ಭುವನೇಶ್ವರ, ಗುವಾಹಟಿ, ಕೋಲ್ಕತ್ತದಲ್ಲಿ ಇರೋ ಕನ್ನಡಿಗರು ಇದ್ದೀರಿ ಅಂತ ಗೊತ್ತು. ನಿಮ್ಮ ಪಕ್ಕದ ಮನೆಯವರ ಹತ್ರವಾದರೂ ಮಾಡಿಸಿ ಕಳಿಸ್ತೀರಾ? ಮತ್ತೆ ನಿಮ್ಮೂರಿನಲ್ಲಿ ಇಂಥ ತರಬೇತಿ ಸರಿಯಾಗಿ ನಡೆಯೋ ಜಾಗ ಒಂದಾದರೂ ಇದ್ದರೆ ಹೇಳಿ, ನಾನೇ ಬಂದು ನೋಡ್ಕೊಂಡು ಹೋಗ್ತೀನಿ. ಜೊತೆಗೆ ಇಬ್ಬರು ಹುಡುಗಿಯರನ್ನೂ ಕರ್ಕೊಂಡು ಬರ್ತೀನಿ, ಕಲೀಬೇಕು ಅಂತ ಕೇಳ್ತಾ ಇದ್ದಾರೆ.